ಸದ್ದು ಸಹಿಸದವರ ಸಂಸಾರ

ಲಂಡನ್ನಿನ ಚೆಲ್ಸೀ ಬಡಾವಣೆಯಲ್ಲಿ, ಥೇಮ್ಸ್ ನದಿಗೆ ಹತ್ತಿರದ ಚೇನ್ ರೋ ಎಂಬ ಬೀದಿಯಲ್ಲಿ ಒಂದು ಹಳೆಯ ಇಟ್ಟಿಗೆ ಮನೆಯಿದೆ. ನೆಲಮಾಳಿಗೆಯಲ್ಲಿ ಅಡುಗೆಮನೆ, ಅದರ ಮೇಲೆ ಒಂದರ ಮೇಲೊಂದು ಕಿರಿದಾದ ಅಂತಸ್ತುಗಳು, ಎಲ್ಲಕ್ಕಿಂತ ಮೇಲೆ ಅಟ್ಟದ ಜಾಗದಲ್ಲಿ ಒಂದು ವಿಚಿತ್ರ ಕೋಣೆ. ಆ ಕೋಣೆಗೆ ಜೋಡಿ ಗೋಡೆ. ಬೆಳಕು ಬೀಳುವುದು ಸೂರಿಗೆ ಕೂರಿಸಿದ ಗಾಜಿನಿಂದ. ಹೊರಗಿನ ಯಾವ ಸದ್ದೂ ಒಳಕ್ಕೆ ಬಾರದಿರಲಿ ಎಂಬ ಒಂದೇ ಉದ್ದೇಶದಿಂದ 1853ರಲ್ಲಿ ಕಟ್ಟಿಸಿದ ಕೋಣೆ ಅದು. ಕಟ್ಟಿಸಿದವನು ಆ ಕಾಲದ ಇಂಗ್ಲೆಂಡಿನ ಅತಿ ಪ್ರಸಿದ್ಧ ಬರಹಗಾರರಲ್ಲಿ ಒಬ್ಬನಾದ ಥಾಮಸ್ ಕಾರ್ಲೈಲ್.

ವೀರರನ್ನೂ ವೀರಪೂಜೆಯನ್ನೂ ಕುರಿತು ಗುಡುಗಿದ ಈ ಲೇಖಕನನ್ನು ಸೋಲಿಸಿದ್ದು ನೆರೆಮನೆಯ ಹುಂಜ. ಪಕ್ಕದ ಹಿತ್ತಲಿನ ಕೋಳಿಗಳು, ಗೋಡೆಯಾಚೆಗಿನ ಪಿಯಾನೊ, ಗಿಳಿ, ನಾಯಿ, ಬೀದಿಯಲ್ಲಿ ಹೋಗುವ ವಾದ್ಯದವರು, ಇವೆಲ್ಲ ಕಾರ್ಲೈಲನ ನಿದ್ದೆಯನ್ನೂ ಬರವಣಿಗೆಯನ್ನೂ ಕೆಡಿಸುತ್ತಿದ್ದವು. ಪ್ರಷ್ಯಾದ ದೊರೆ ಫ್ರೆಡರಿಕ್‌ನ ಬೃಹತ್ ಚರಿತ್ರೆಯನ್ನು ಬರೆಯಲು ಕುಳಿತಾಗ, ಇನ್ನು ಗೋಡೆಯನ್ನೇ ಕಟ್ಟಿಸದೆ ಗತಿಯಿಲ್ಲ ಎನಿಸಿತು. ಸುಮಾರು 170 ಪೌಂಡ್ ವೆಚ್ಚವಾಯಿತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ತಿಂಗಳುಗಟ್ಟಲೆ ಮನೆಯ ತುಂಬ ಧೂಳು, ಕೆಲಸಗಾರರು, ಸುತ್ತಿಗೆಯ ಸದ್ದು. ನಿಶ್ಶಬ್ದ ತರಲು ಎಷ್ಟು ಸದ್ದು ಮಾಡಬೇಕಾಯಿತು ಎಂದು ಯಾರಿಗಾದರೂ ನಗು ಬರುವಂತಿತ್ತು.

ಕೊನೆಗೆ ಕೋಣೆ ಸಿದ್ಧವಾಯಿತು. ಅಕ್ಕಪಕ್ಕದ ಹತ್ತಿರದ ಸದ್ದುಗಳು ತಕ್ಕಮಟ್ಟಿಗೆ ಅಡಗಿದವು. ಆದರೆ ಅದುವರೆಗೆ ಕಿವಿಗೆ ಬೀಳದಿದ್ದ ದೂರದ ಸದ್ದುಗಳು, ನದಿಯ ಮೇಲಿನ ದೋಣಿಗಳ ಕೂಗು, ರೈಲಿನ ಸಿಳ್ಳೆ, ಈಗ ಸ್ಪಷ್ಟವಾಗಿ ಕೇಳತೊಡಗಿದವು. ಇಡೀ ಮನೆಯಲ್ಲಿ ಅತಿ ಹೆಚ್ಚು ಸದ್ದಿನ ಕೋಣೆ ಅದೇ ಎಂಬ ಮಾತು ಹುಟ್ಟಿಕೊಂಡಿತು. ಸೆಖೆಯಲ್ಲಿ ಬೇಯುತ್ತಾ, ಚಳಿಯಲ್ಲಿ ನಡುಗುತ್ತಾ ಕಾರ್ಲೈಲ್ ಅಲ್ಲಿಯೇ ಹನ್ನೆರಡು ವರ್ಷ ಕುಳಿತು ಆರು ಸಂಪುಟಗಳನ್ನು ಮುಗಿಸಿದ.

ಇಂಥವರು ಎಲ್ಲ ಊರಿನಲ್ಲೂ ಇದ್ದಾರೆ. ಪಕ್ಕದ ಕೋಣೆಯಲ್ಲಿ ಪಾತ್ರೆ ಬಿದ್ದರೆ ಎದೆ ಹೊಡೆದುಕೊಳ್ಳುವವರು, ಮದುವೆ ಮನೆಯಲ್ಲಿ ಎರಡು ಗಂಟೆ ಕಳೆಯುವಷ್ಟರಲ್ಲಿ ತಲೆ ಸಿಡಿಯುವವರು, ಅಂಗಿಯ ಕಾಲರಿನಲ್ಲಿ ಹೊಲಿದ ಚೀಟಿಯನ್ನು ಕತ್ತರಿಸದೆ ತೊಡಲಾರದವರು, ಯಾರೋ ಆಡಿದ ಮಾತಿನ ಧಾಟಿಯನ್ನು ರಾತ್ರಿಯಿಡೀ ಮೆಲುಕು ಹಾಕುವವರು. ಕನ್ನಡದಲ್ಲಿ ಇವರನ್ನು ‘ಮುಟ್ಟಿದರೆ ಮುನಿ’ ಎಂದು ಗೇಲಿ ಮಾಡುವುದುಂಟು. ಗಂಡು ಹುಡುಗನಾದರೆ ‘ಅಳುಬುರುಕ’ ಎಂಬ ಬಿರುದು ತಪ್ಪಿದ್ದಲ್ಲ. ಮನಶ್ಶಾಸ್ತ್ರದವರು ಇವರಿಗೆ ಕಳೆದ ಮೂರು ದಶಕಗಳಿಂದ ‘ಅತಿಸೂಕ್ಷ್ಮ ಸಂವೇದನೆಯವರು’ ಎಂಬ ಹೆಸರು ಕೊಟ್ಟಿದ್ದಾರೆ. ಹೆಸರು ಹೊಸದು, ಜನ ಹೊಸಬರಲ್ಲ. ಹೆಸರಿಲ್ಲದ ಕಾಲದಲ್ಲಿ ಇಂಥವರು ಹೇಗೆ ಬದುಕಿದರು, ಅವರ ನೆಮ್ಮದಿಗೆ ಯಾರು ಬೆಲೆ ತೆತ್ತರು ಎಂಬುದನ್ನು ತಿಳಿಯಲು ಹತ್ತೊಂಬತ್ತನೆಯ ಶತಮಾನದ ಯುರೋಪಿನ ಕೆಲವು ಮನೆಗಳೇ ಒಳ್ಳೆಯ ಸಾಕ್ಷಿ. ಏಕೆಂದರೆ ಅಲ್ಲಿನವರು ತಮ್ಮ ಪಾಡನ್ನು ಪತ್ರಗಳಲ್ಲಿ, ದಿನಚರಿಗಳಲ್ಲಿ ಬಿಡದೆ ಬರೆದಿಟ್ಟಿದ್ದಾರೆ.

ಬೀದಿಗಿಳಿದ ಜಗಳ

ಕಾರ್ಲೈಲ್ ಗೋಡೆ ಕಟ್ಟಿಸಿದರೆ, ಅದೇ ಲಂಡನ್ನಿನ ಇನ್ನೊಬ್ಬ ಮೇಧಾವಿ ಕಾನೂನಿನ ಮೊರೆಹೊಕ್ಕ. ಕಂಪ್ಯೂಟರಿನ ಮೂಲಪುರುಷ ಎಂದು ಶಾಲೆಯ ಪುಸ್ತಕಗಳಲ್ಲಿ ಓದುವ ಚಾರ್ಲ್ಸ್ ಬ್ಯಾಬೇಜ್ (1791–1871) ಆತ. ಬೀದಿಯಲ್ಲಿ ಕೈತಿರುಗಣೆ ವಾದ್ಯ ನುಡಿಸುತ್ತಾ ಕಾಸು ಬೇಡುವ ಬಡ ವಾದ್ಯಗಾರರು, ಅವರಲ್ಲಿ ಹಲವರು ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರು, ತನ್ನ ದುಡಿಯುವ ಶಕ್ತಿಯ ಕಾಲು ಭಾಗವನ್ನು ನುಂಗಿಹಾಕಿದರು ಎಂದು ಆತ ಲೆಕ್ಕ ಹಾಕಿದ್ದ. 1864ರಲ್ಲಿ ಪ್ರಕಟವಾದ ತನ್ನ ಆತ್ಮಕಥನದಲ್ಲಿ ‘ಬೀದಿಯ ಉಪಟಳ’ಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟ.

ಅದೇ ವರ್ಷ ಮೈಕೇಲ್ ಬಾಸ್ ಎಂಬ ಪಾರ್ಲಿಮೆಂಟ್ ಸದಸ್ಯ ಬೀದಿ ಸಂಗೀತಕ್ಕೆ ಕಡಿವಾಣ ಹಾಕುವ ಮಸೂದೆ ತಂದ. ಅದನ್ನು ಬೆಂಬಲಿಸಿ ಕಾದಂಬರಿಕಾರ ಡಿಕನ್ಸ್ ಬರೆದ ಪತ್ರಕ್ಕೆ ಕವಿ ಟೆನ್ನಿಸನ್, ಚಿತ್ರಕಾರ ಮಿಲೆ ಮುಂತಾದವರ ಜೊತೆ ಕಾರ್ಲೈಲನೂ ಸಹಿ ಹಾಕಿದ್ದ. ಮಸೂದೆ ಪಾಸಾಯಿತು. ಕಾಯಿಲೆಯಿದ್ದರೆ ಅಥವಾ ಕೆಲಸಕ್ಕೆ ಅಡ್ಡಿಯಾದರೆ ಮನೆಯವರು ವಾದ್ಯದವನನ್ನು ಮುಂದೆ ಹೋಗೆನ್ನಬಹುದು, ಹೋಗದಿದ್ದರೆ ಪೊಲೀಸರನ್ನು ಕರೆಯಬಹುದು ಎಂದಾಯಿತು.

ಇದರಿಂದ ಬ್ಯಾಬೇಜನಿಗೆ ಶಾಂತಿ ಸಿಕ್ಕಿತೇ? ಇಲ್ಲ. ಬೀದಿಯ ಜನ ಹಟಕ್ಕೆ ಬಿದ್ದರು. ಮುದುಕ ಹೊರಗೆ ಕಾಲಿಟ್ಟರೆ ಹುಡುಗರ ಹಿಂಡು ಕೂಗುತ್ತಾ ಬೆನ್ನು ಹತ್ತುತ್ತಿತ್ತು. ಬೇಕೆಂದೇ ಆತನ ಕಿಟಕಿಯ ಕೆಳಗೆ ನಿಂತು ಅಪಸ್ವರ ಊದುವವರಿದ್ದರು. ಆತ ಮರಣಶಯ್ಯೆಯಲ್ಲಿದ್ದಾಗಲೂ ಬೀದಿಯ ವಾದ್ಯ ನಿಲ್ಲಲಿಲ್ಲವಂತೆ. ಆತನ ಸಂಕಟ ಸುಳ್ಳಲ್ಲ. ಆದರೆ ಆ ಸಂಕಟಕ್ಕೆ ಹುಡುಕಿದ ಪರಿಹಾರ ಇನ್ನೊಬ್ಬ ಬಡವನ ತುತ್ತಿಗೆ ಕೈಹಾಕಿತು ಎಂಬುದೂ ಸುಳ್ಳಲ್ಲ. ವಾದ್ಯದವನ ಕಡೆಯಿಂದ ಪತ್ರ ಬರೆಯಲು ಯಾವ ಡಿಕನ್ಸನೂ ಇರಲಿಲ್ಲ.

ಡಾರ್ವಿನ್ನನ ಗಡಿಯಾರ

ಈ ಇಬ್ಬರ ಸಮಕಾಲೀನನಾದ ಚಾರ್ಲ್ಸ್ ಡಾರ್ವಿನ್ನನ ದಾರಿಯೇ ಬೇರೆ. ವೈದ್ಯನಾಗಲೆಂದು ತಂದೆ ಆತನನ್ನು ಎಡಿನ್‌ಬರೋಗೆ ಕಳಿಸಿದ್ದರು. ಅರಿವಳಿಕೆ ಇನ್ನೂ ಬಾರದ ಕಾಲ. ಎರಡು ಶಸ್ತ್ರಚಿಕಿತ್ಸೆಗಳನ್ನು ನೋಡಲು ಹೋದ ಹುಡುಗ, ಅದರಲ್ಲಿ ಒಂದು ಮಗುವಿನ ಮೇಲೆ ನಡೆದದ್ದು, ಮುಗಿಯುವ ಮುನ್ನವೇ ಹೊರಗೋಡಿದ. ಮತ್ತೆಂದೂ ಅಲ್ಲಿಗೆ ಕಾಲಿಡಲಿಲ್ಲ. ಆ ನೆನಪು ಅನೇಕ ವರ್ಷ ತನ್ನನ್ನು ಕಾಡಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

1842ರಲ್ಲಿ ಡಾರ್ವಿನ್ ಲಂಡನ್ ಬಿಟ್ಟು ಡೌನ್ ಎಂಬ ಹಳ್ಳಿಯ ಮನೆಗೆ ಬಂದ. 1882ರಲ್ಲಿ ಸಾಯುವವರೆಗೆ ಅಲ್ಲೇ ಇದ್ದ. ಯಾರಾದರೂ ಮನೆಗೆ ಬಂದು ಅರ್ಧ ಗಂಟೆ ಉತ್ಸಾಹದಿಂದ ಮಾತಾಡಿದರೆ ರಾತ್ರಿಯ ನಿದ್ದೆ ಹೋಗುತ್ತಿತ್ತು. ಔತಣಕ್ಕೆ ಹೋಗಿ ಬಂದರೆ ಮೈನಡುಕ, ವಾಂತಿ. ಆತನ ಕಾಯಿಲೆ ನಿಜಕ್ಕೂ ಏನಾಗಿತ್ತು ಎಂಬುದರ ಬಗ್ಗೆ ವೈದ್ಯರು ಈಗಲೂ ವಾದಿಸುತ್ತಿದ್ದಾರೆ. ಆದ್ದರಿಂದ ಅದಕ್ಕೆ ಇಲ್ಲಿ ಹೊಸ ಹೆಸರು ಅಂಟಿಸುವ ಅಗತ್ಯವಿಲ್ಲ. ಗಮನಿಸಬೇಕಾದದ್ದು ಆತ ಮಾಡಿಕೊಂಡ ಏರ್ಪಾಡನ್ನು.

ಮನೆಯ ಮುಂದಿನ ದಾರಿಯಲ್ಲಿ ಹೋಗುವವರು ಒಳಗೆ ಇಣುಕಬಾರದೆಂದು ದಾರಿಯನ್ನೇ ಅಗೆಸಿ ತಗ್ಗು ಮಾಡಿಸಿದ. ಓದುವ ಕೋಣೆಯ ಕಿಟಕಿಗೆ ಒಂದು ಕನ್ನಡಿ ಸಿಕ್ಕಿಸಿ, ಬರುತ್ತಿರುವವರು ಯಾರೆಂದು ಮೊದಲೇ ನೋಡಿಕೊಳ್ಳುತ್ತಿದ್ದ. ಇಷ್ಟು ಗೋಡೆಯ ಮಾತಾಯಿತು. ಅದಕ್ಕಿಂತ ದೊಡ್ಡದು ಗಡಿಯಾರದ ಮಾತು. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ಕೆಲಸ. ಆಮೇಲೆ ಸೋಫಾದ ಮೇಲೆ ಒರಗಿ ಕಾಗದಪತ್ರ, ಹೆಂಡತಿ ಎಮ್ಮಾ ಓದಿ ಹೇಳುವ ಕಾದಂಬರಿ. ಹತ್ತೂವರೆಗೆ ಮತ್ತೆ ಕೆಲಸ. ಮಧ್ಯಾಹ್ನ ಹನ್ನೆರಡಕ್ಕೆ ‘ಇವತ್ತಿನ ಕೆಲಸ ಚೆನ್ನಾಗಿ ಆಯಿತು’ ಎನ್ನುವಂತೆ ಎದ್ದು ತೋಟದಾಚೆಯ ಮರಳುದಾರಿಯಲ್ಲಿ ಸುತ್ತು. ಎಷ್ಟು ಸುತ್ತಾಯಿತೆಂದು ಲೆಕ್ಕವಿಡುವ ಶ್ರಮವೂ ತಲೆಗೆ ಬೇಡವೆಂದು ದಾರಿಯ ಬದಿಯಲ್ಲಿ ಕಲ್ಲಿನ ಗುಪ್ಪೆ. ಒಂದು ಸುತ್ತಿಗೆ ಒಂದು ಕಲ್ಲನ್ನು ತಳ್ಳುವುದು. ಊಟ, ಪತ್ರಿಕೆ, ವಿಶ್ರಾಂತಿ, ಮತ್ತೆ ಓಡಾಟ, ಸಂಜೆ ಒಂದು ಗಂಟೆ ಕೆಲಸ. ರಾತ್ರಿ ಎಮ್ಮಾಳೊಂದಿಗೆ ಪಗಡೆಯನ್ನು ಹೋಲುವ ಬ್ಯಾಕ್‌ಗ್ಯಾಮನ್, ದಿನಕ್ಕೆ ಎರಡೇ ಆಟ.

ದಿನಕ್ಕೆ ನಾಲ್ಕು ಗಂಟೆಯ ದುಡಿಮೆ ಎಂದರೆ ಈಗಿನ ಯಾವ ಕಚೇರಿಯ ಮೇಲಧಿಕಾರಿಯೂ ಒಪ್ಪುವುದಿಲ್ಲ. ಆದರೆ ಆ ನಾಲ್ಕು ಗಂಟೆಗಳು ನಲವತ್ತು ವರ್ಷ ತಪ್ಪದೆ ನಡೆದದ್ದರಿಂದ ಜೀವಜಗತ್ತಿನ ಬಗ್ಗೆ ಮನುಷ್ಯನ ಕಲ್ಪನೆಯೇ ಬದಲಾಯಿತು. 1860ರಲ್ಲಿ ಆಕ್ಸ್‌ಫರ್ಡಿನಲ್ಲಿ ವಿಕಾಸವಾದದ ಬಗ್ಗೆ ನಡೆದ ಪ್ರಸಿದ್ಧ ವಾಗ್ವಾದಕ್ಕೆ ಡಾರ್ವಿನ್ ಹೋಗಲಿಲ್ಲ, ಜಲಚಿಕಿತ್ಸೆಯ ಆಸ್ಪತ್ರೆಯೊಂದರಲ್ಲಿದ್ದ. ಆತನ ಪರವಾಗಿ ಹಕ್ಸ್‌ಲಿ, ಹೂಕರ್ ಮುಂತಾದ ಗೆಳೆಯರು ಜಗಳವಾಡಿದರು. ಜಗಳಕ್ಕೆ ತಾನು ತಕ್ಕವನಲ್ಲ ಎಂಬುದನ್ನು ತಿಳಿದು, ತಕ್ಕವರಿಗೆ ಬಿಟ್ಟುಕೊಟ್ಟದ್ದೂ ಒಂದು ಜಾಣತನವೇ.

ಇದೇ ಮನೆಯಲ್ಲಿ ಆತ ಕೀಟಾಹಾರಿ ಗಿಡಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ 1875ರಲ್ಲಿ ಪುಸ್ತಕ ಬರೆದ. ಅದರಲ್ಲಿ ಹೆಚ್ಚಿನ ಪುಟಗಳು ಇಬ್ಬನಿಯಂಥ ಅಂಟು ಹನಿಗಳಿರುವ ಡ್ರಾಸೆರಾ ಗಿಡದವು. ಪಶ್ಚಿಮ ಘಟ್ಟದ ತೇವದ ಹುಲ್ಲುಗಾವಲುಗಳಲ್ಲೂ ಈ ಕುಲದ ಗಿಡಗಳಿವೆ. ಕೂದಲಿನ ಒಂದು ಚೂರು ಎಲೆಯ ಮೇಲಿಟ್ಟರೆ ಸಾಕು, ಅದರ ಎಳೆಗಳು ಬಾಗುತ್ತವೆ. ಆದರೆ ಎಷ್ಟು ಜೋರು ಮಳೆ ಹೊಡೆದರೂ ಅವು ಅಲುಗುವುದಿಲ್ಲ ಎಂಬುದು ಡಾರ್ವಿನ್ನನನ್ನು ಬೆರಗುಗೊಳಿಸಿತು. ಪ್ರತಿ ಹನಿಗೂ ಮಡಚಿಕೊಂಡಿದ್ದರೆ ಗಿಡದ ಶಕ್ತಿಯೆಲ್ಲ ವ್ಯರ್ಥವಾಗುತ್ತಿತ್ತು. ಅತಿ ಸೂಕ್ಷ್ಮವಾದದ್ದು ಎಲ್ಲದಕ್ಕೂ ಪ್ರತಿಕ್ರಿಯಿಸಬೇಕೆಂದೇನೂ ಇಲ್ಲ.

ಅದೇ ಕಿವಿ

ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್‌ನ ಕಥೆ ಹೆಚ್ಚು ಜನಕ್ಕೆ ಗೊತ್ತು. ಉಬ್ಬಸದ ಕಾಯಿಲೆಯ ಈ ಲೇಖಕ ಪ್ಯಾರಿಸ್ಸಿನ ಬುಲೆವಾರ್ ಓಸ್ಮಾನ್ ರಸ್ತೆಯ 102ನೇ ಸಂಖ್ಯೆಯ ಮನೆಯಲ್ಲಿ ತನ್ನ ಮಲಗುವ ಕೋಣೆಯ ಗೋಡೆಗಳಿಗೆ 1910ರಲ್ಲಿ ಬಿರಡೆ ಮಾಡುವ ಕಾರ್ಕಿನ ಹಾಳೆಗಳನ್ನು ಹೊಡೆಸಿದ. ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಬರೆದ. ಇದನ್ನು ಹುಚ್ಚುತನವೆಂದು ನಗುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಮಾರನೆಯ ವರ್ಷವೇ ಆತ ಟೆಲಿಫೋನ್ ತಂತಿಯ ಮೂಲಕ ಮನೆಯಲ್ಲೇ ಕುಳಿತು ರಂಗಮಂದಿರದ ಸಂಗೀತ ಕೇಳುವ ಸೌಲಭ್ಯಕ್ಕೆ ಚಂದಾದಾರನಾದ. ಸುತ್ತಿಗೆಯ ಸದ್ದಿಗೆ ಒದ್ದಾಡುವ ಕಿವಿ, ದೂರದ ಆಪೆರಾ ಸಭಾಂಗಣದಿಂದ ಗೊರಗೊರ ಎನ್ನುತ್ತಾ ಬರುವ ದೆಬುಸಿಯ ಸಂಗೀತಕ್ಕೆ ಮೈಮರೆಯುತ್ತಿತ್ತು. ಎರಡೂ ಒಂದೇ ಕಿವಿಯ ಕೆಲಸ. ಒಂದನ್ನು ಕಿತ್ತುಹಾಕಿ ಇನ್ನೊಂದನ್ನು ಉಳಿಸಿಕೊಳ್ಳುವ ಉಪಾಯವಿಲ್ಲ.

ಇನ್ನೂ ಸ್ವಾರಸ್ಯದ ಸಂಗತಿ ಬೆಳಕಿಗೆ ಬಂದದ್ದು ತೀರ ಈಚೆಗೆ, 2013ರಲ್ಲಿ. ಪ್ರೂಸ್ತ್‌ನ ಮೇಲಿನ ಅಂತಸ್ತಿನಲ್ಲಿ ಒಬ್ಬ ದಂತವೈದ್ಯನ ಕುಟುಂಬವಿತ್ತು. ಆ ಮನೆಯಾಕೆಗೆ ಪ್ರೂಸ್ತ್ ಬರೆದ ಪತ್ರಗಳ ಕಟ್ಟು ಆ ವರ್ಷ ಪುಸ್ತಕವಾಯಿತು. ಅವುಗಳಲ್ಲಿ ದೂರಿದೆ, ಆದರೆ ಜಗಳವಿಲ್ಲ. ಆಕೆಯ ಆರೋಗ್ಯ ವಿಚಾರಿಸುತ್ತಾ, ಪುಸ್ತಕಗಳ ಮಾತಾಡುತ್ತಾ, ಹೂವು ಕಳಿಸುತ್ತಾ, ನಡುವೆ ಮೆಲ್ಲಗೆ, ಇಂಥ ದಿನ ಇಂಥ ಹೊತ್ತಿನಲ್ಲಿ ಮೊಳೆ ಹೊಡೆಯುವುದನ್ನು ಸ್ವಲ್ಪ ಮುಂದೂಡಲು ಆದೀತೇ ಎಂಬ ಕೋರಿಕೆ. ಸದ್ದು ಪೂರಾ ನಿಲ್ಲಬೇಕೆಂದು ಆತ ಹಟ ಹಿಡಿಯುವುದಿಲ್ಲ, ಯಾವ ಹೊತ್ತಿಗೆ ಎಂಬುದನ್ನು ಕೇಳುತ್ತಾನೆ. ಬ್ಯಾಬೇಜ್ ಪೊಲೀಸರಿಂದ ಪಡೆಯಲಾರದ್ದನ್ನು ಪ್ರೂಸ್ತ್ ಹೂಗುಚ್ಛದಿಂದ ಸ್ವಲ್ಪಮಟ್ಟಿಗಾದರೂ ಪಡೆದ ಎನ್ನಬಹುದು.

ಹೆಸರಿಟ್ಟ ಮೇಲೆ

ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೇನ್ ಆರನ್ ಅವರು ‘ಅತಿಸೂಕ್ಷ್ಮ ಸಂವೇದನೆಯ ವ್ಯಕ್ತಿ’ ಎಂಬ ಪುಸ್ತಕ ಪ್ರಕಟಿಸಿದ್ದು 1996ರಲ್ಲಿ. ಮರುವರ್ಷ ಪತಿ ಆರ್ಥರ್ ಆರನ್ ಅವರೊಂದಿಗೆ 27 ಪ್ರಶ್ನೆಗಳ ಒಂದು ಅಳತೆಗೋಲನ್ನು ಪ್ರಕಟಿಸಿದರು. ಜೋರು ಸದ್ದು, ಕಣ್ಣು ಕುಕ್ಕುವ ಬೆಳಕು, ಇನ್ನೊಬ್ಬರ ಮನಃಸ್ಥಿತಿ, ಹಸಿವು, ಕಲೆ, ಸಂಗೀತ, ಇವೆಲ್ಲ ನಿಮ್ಮನ್ನು ಎಷ್ಟು ತಟ್ಟುತ್ತವೆ ಎಂಬಂಥ ಪ್ರಶ್ನೆಗಳು. ಇದು ನಾಚಿಕೆಯಲ್ಲ, ಪುಕ್ಕಲುತನವೂ ಅಲ್ಲ, ಕಾಯಿಲೆಯಂತೂ ಅಲ್ಲ. ಹೊರಗಿನಿಂದ ಬರುವುದನ್ನು ಮನಸ್ಸು ಹೆಚ್ಚು ಆಳಕ್ಕೆ ಇಳಿಸಿಕೊಂಡು ಅರಗಿಸುವ ಹುಟ್ಟುಗುಣ ಎಂಬುದು ಅವರ ವಾದ. ಐದಾರು ಜನರಲ್ಲಿ ಒಬ್ಬರು ಹೀಗಿರುತ್ತಾರೆ, ಅವರಲ್ಲಿ ಜನರೊಂದಿಗೆ ಸಲೀಸಾಗಿ ಬೆರೆಯುವವರೂ ಸಾಕಷ್ಟಿದ್ದಾರೆ ಎಂದು ಅವರು ಹೇಳುತ್ತಾ ಬಂದಿದ್ದಾರೆ.

ಈ ವಾದವನ್ನು ಎಲ್ಲರೂ ಕಣ್ಣು ಮುಚ್ಚಿ ಒಪ್ಪಿಲ್ಲ. ಪ್ರಶ್ನಾವಳಿಗೆ ಉತ್ತರಿಸುವವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದರಿಂದ ಅದರಲ್ಲಿ ಚಿಂತೆ, ಕಳವಳದ ಸ್ವಭಾವವೂ ಬೆರೆತುಹೋಗುತ್ತದೆ ಎಂಬ ಆಕ್ಷೇಪವಿದೆ. ಮಿದುಳಿನ ಚಿತ್ರ ತೆಗೆದು ನಡೆಸಿದ ಅಧ್ಯಯನಗಳುಂಟು. ಆದರೆ ಹೆಚ್ಚು ಹೆಸರಾದ 2014ರ ಅಧ್ಯಯನದಲ್ಲಿ ಪಾಲ್ಗೊಂಡವರು 18 ಮಂದಿ ಮಾತ್ರ. ‘ಸೂಕ್ಷ್ಮದವರು’ ಮತ್ತು ‘ಉಳಿದವರು’ ಎಂದು ಜಗತ್ತನ್ನು ಎರಡಾಗಿ ಸೀಳುವುದೂ ಸರಿಯಲ್ಲ ಎಂದಾಗಿದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಜನರನ್ನು ಮೂರು ಗುಂಪಾಗಿ ಕಂಡಿತು: ಸುಮಾರು ಶೇಕಡಾ 31 ಹೆಚ್ಚು ಸೂಕ್ಷ್ಮ, 40 ನಡುವಿನವರು, 29 ಕಡಿಮೆ. ಎತ್ತರ ಗಿಡ್ಡ ಇದ್ದ ಹಾಗೆ ಇದು ಎಲ್ಲರಲ್ಲೂ ಹೆಚ್ಚು ಕಡಿಮೆ ಇರುವ ಗುಣ. 2020ರಲ್ಲಿ ಬ್ರಿಟನ್ನಿನ ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನದ ಪ್ರಕಾರ ಈ ವ್ಯತ್ಯಾಸದಲ್ಲಿ ಸುಮಾರು ಅರ್ಧ ಪಾಲು ಅನುವಂಶೀಯತೆಯದು, ಉಳಿದದ್ದು ಬೆಳೆದ ಪರಿಸರದ್ದು.

ಆರನ್ ಅವರಿಗಿಂತ ಬೇರೆ ದಾರಿಯಲ್ಲಿ ಬಂದ ಇನ್ನೊಂದು ಸಂಶೋಧನೆ ಇಲ್ಲಿ ಹೆಚ್ಚು ಮುಖ್ಯ. ಮಕ್ಕಳ ವೈದ್ಯ ಥಾಮಸ್ ಬಾಯ್ಸ್ ಮತ್ತು ಬ್ರೂಸ್ ಎಲ್ಲಿಸ್ ಎಂಬ ಸಂಶೋಧಕರು 2005ರಲ್ಲಿ ಮಕ್ಕಳನ್ನು ಎರಡು ಹೂಗಳಿಗೆ ಹೋಲಿಸಿದರು. ಎಲ್ಲಿ ಬಿದ್ದರೂ ಬೆಳೆಯುವ ದಂಡೇಲಿಯನ್ ಒಂದು. ಸ್ವೀಡನ್ನಿನಲ್ಲಿ ಗಟ್ಟಿ ಮಕ್ಕಳನ್ನು ಮೊದಲಿಂದಲೂ ಆ ಹೆಸರಿನಿಂದ ಕರೆಯುತ್ತಿದ್ದರಂತೆ. ಆರೈಕೆ ತಪ್ಪಿದರೆ ಬಾಡುವ, ಸಿಕ್ಕರೆ ಎಲ್ಲಕ್ಕಿಂತ ಚೆನ್ನಾಗಿ ಅರಳುವ ಆರ್ಕಿಡ್ ಇನ್ನೊಂದು. ಕನ್ನಡದವರಿಗೆ ಹೇಳುವುದಾದರೆ ಬೇಲಿ, ಬದು, ಬೀಳು ಎಲ್ಲೆಂದರಲ್ಲಿ ಏಳುವ ತುಂಬೆ ಹೂವು ಒಂದು ಬಗೆ; ಮಲೆನಾಡಿನ ಮರದ ಕೊಂಬೆಗೆ ಅಂಟಿಕೊಂಡು, ನೆರಳು ತೇವ ಎರಡೂ ಹದವಾಗಿದ್ದರೆ ಮಾತ್ರ ಜಡೆಯಂತೆ ಇಳಿಬೀಳುವ ಸೀತಾಳೆ ದಂಡೆ ಮತ್ತೊಂದು ಬಗೆ.

ಹೋಲಿಕೆ ಚೆಂದವಿದೆ ಎಂದಷ್ಟೇ ಅಲ್ಲ. ಸೂಕ್ಷ್ಮ ಮಕ್ಕಳು ಕೆಟ್ಟ ಪರಿಸರದಲ್ಲಿ ಹೆಚ್ಚು ನಲುಗುತ್ತಾರೆ ಎಂಬುದು ಎಲ್ಲ ತಾಯಂದಿರಿಗೂ ಗೊತ್ತಿದ್ದದ್ದೇ. ಒಳ್ಳೆಯ ಪರಿಸರದಿಂದ ಉಳಿದವರಿಗಿಂತ ಹೆಚ್ಚು ಲಾಭ ಪಡೆಯುವವರೂ ಅವರೇ ಎಂಬುದು ಹೊಸ ಮಾತು. ಇಂಗ್ಲೆಂಡಿನ ಬಡ ಬಡಾವಣೆಯೊಂದರ ಶಾಲೆಯಲ್ಲಿ ಹನ್ನೊಂದರ ಆಸುಪಾಸಿನ ಹುಡುಗಿಯರಿಗೆ ಮನಸ್ಸಿನ ಕಷ್ಟಗಳನ್ನು ಎದುರಿಸುವ ತರಬೇತಿ ಕೊಡಲಾಯಿತು. ಮೈಕೇಲ್ ಪ್ಲೂಯೆಸ್ ಮತ್ತು ಇಲೋನಾ ಬೋನಿವೆಲ್ ಎಂಬುವರು 2015ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಒಂದು ವರ್ಷದ ನಂತರವೂ ಖಿನ್ನತೆಯ ಲಕ್ಷಣಗಳು ಇಳಿದಿದ್ದದ್ದು ಹೆಚ್ಚು ಸೂಕ್ಷ್ಮವಾಗಿದ್ದ ಹುಡುಗಿಯರಲ್ಲಿ. ಕಡಿಮೆ ಸೂಕ್ಷ್ಮದವರ ಮೇಲೆ ಅದೇ ತರಬೇತಿ ಹೆಚ್ಚೇನೂ ಪರಿಣಾಮ ಮಾಡಿರಲಿಲ್ಲ. ‘ಇವಳಿಗೆ ಹೇಳಿ ಪ್ರಯೋಜನವಿಲ್ಲ, ತೀರ ಮೆದು’ ಎಂದು ಯಾರನ್ನು ಪಕ್ಕಕ್ಕಿಡುತ್ತಾರೋ ಅವಳಿಗೇ ಹೇಳಿದ್ದು ನಾಟಿತ್ತು.

ಒಂದು ಎಚ್ಚರಿಕೆಯ ಮಾತೂ ಅಗತ್ಯ. ಇದ್ದಕ್ಕಿದ್ದಂತೆ ಸದ್ದು, ಬೆಳಕು ಸಹಿಸಲಾಗದೆ ಹೋದರೆ ಅದು ಅರೆತಲೆನೋವು, ಕಿವಿಯ ತೊಂದರೆ, ದೊಡ್ಡ ಆಘಾತದ ಪರಿಣಾಮ ಏನೂ ಆಗಿರಬಹುದು. ಅದನ್ನು ಸ್ವಭಾವವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು.

ಹೆಂಗರುಳು

ಒಂದೇ ಗುಣಕ್ಕೆ ಒಂದೂರಿನಲ್ಲಿ ಮಾನ, ಇನ್ನೊಂದೂರಿನಲ್ಲಿ ಅವಮಾನ. 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ಚೀನಾದ ಶಾಂಘೈ ಮತ್ತು ಕೆನಡಾದ ಶಾಲಾಮಕ್ಕಳನ್ನು ಹೋಲಿಸಿ ನೋಡಿತು. ಕೆನಡಾದಲ್ಲಿ ನಾಚಿಕೆಯ, ಸೂಕ್ಷ್ಮ ಮನಸ್ಸಿನ ಮಕ್ಕಳನ್ನು ಸಹಪಾಠಿಗಳು ದೂರವಿಡುತ್ತಿದ್ದರು. ಶಾಂಘೈಯಲ್ಲಿ ಅಂಥ ಮಕ್ಕಳೇ ಎಲ್ಲರಿಗೂ ಬೇಕಾದವರು; ಮಾತು ಕೇಳುವ, ತಿಳಿವಳಿಕೆಯ ಮಕ್ಕಳೆಂದು ಮೇಷ್ಟ್ರುಗಳಿಗೂ ಮೆಚ್ಚುಗೆ. ಆದರೆ ಚೀನಾದ ಮಾರುಕಟ್ಟೆ ತೆರೆದುಕೊಂಡು, ಪೈಪೋಟಿ, ಮುನ್ನುಗ್ಗುವಿಕೆಗಳಿಗೆ ಬೆಲೆ ಬಂದ ಮೇಲೆ ಅಲ್ಲಿಯೂ ಗಾಳಿ ಬದಲಾಯಿತು. 2002ರ ಹೊತ್ತಿಗೆ ನಗರದ ಶಾಲೆಗಳಲ್ಲಿ ನಾಚಿಕೆಯ ಮಗು ಒಂಟಿಯಾಗತೊಡಗಿತ್ತು ಎಂದು ಅದೇ ತಂಡದ ಮುಖ್ಯ ಸಂಶೋಧಕರ ಮತ್ತೊಂದು ಅಧ್ಯಯನ 2005ರಲ್ಲಿ ವರದಿ ಮಾಡಿತು. ಹತ್ತು ಹನ್ನೆರಡು ವರ್ಷಗಳಲ್ಲಿ ಮಕ್ಕಳ ನರಗಳೇನೂ ಬದಲಾಗಲಿಲ್ಲ. ಸುತ್ತಲಿನವರು ಬೆಲೆ ಕಟ್ಟುವ ರೀತಿ ಬದಲಾಯಿತು.

ಕನ್ನಡದ ನುಡಿಯಲ್ಲಿಯೇ ಈ ಎರಡೂ ಬೆಲೆಗಳಿವೆ. ಒಂದು ಕಡೆ ಮುಟ್ಟಿದರೆ ಮುನಿ, ಅಳುಬುರುಕ. ಇನ್ನೊಂದು ಕಡೆ ‘ಹೆಂಗರುಳು’ ಎಂಬ ಅಪರೂಪದ ಪದ. ಗಂಡಸಿಗೆ ಹೆಂಗರುಳಿದೆ ಎಂದರೆ ಬೈಗುಳವಲ್ಲ, ಹೊಗಳಿಕೆ. ಕಾವ್ಯಮೀಮಾಂಸೆಯಲ್ಲಂತೂ ‘ಸಹೃದಯ’ನಿಗೆ ಕವಿಯ ಪಕ್ಕದಲ್ಲೇ ಪೀಠ. ಒಂಬತ್ತನೆಯ ಶತಮಾನದ ಆನಂದವರ್ಧನನಿಂದ ಮೊದಲುಗೊಂಡು ಆಲಂಕಾರಿಕರು ಹೇಳಿದ್ದು, ಬೇಗ ಕಲಕುವ, ಬೇಗ ಒಂದಾಗುವ ಹೃದಯವಿಲ್ಲದವನಿಗೆ ರಸ ದಕ್ಕುವುದಿಲ್ಲ ಎಂದು. ಆ ಪೀಠ ನಾಟಕಶಾಲೆಯಲ್ಲಿ ಉಂಟು, ಮನೆಯಲ್ಲಿ ಇಲ್ಲ ಎಂಬುದೇ ಕಷ್ಟ. ತುಂಬಿದ ಮನೆಯಲ್ಲಿ ಮಗ ಅಥವಾ ಸೊಸೆ ಒಂದರ್ಧ ಗಂಟೆ ಬಾಗಿಲು ಹಾಕಿಕೊಂಡರೆ ‘ಏನಾಯಿತು, ಯಾರು ಏನಂದರು’ ಎಂಬ ವಿಚಾರಣೆ ಶುರುವಾಗುತ್ತದೆ. ಬಂಧುಗಳ ಮದುವೆಯಿಂದ ಬೇಗ ಎದ್ದು ಬಂದರೆ ಸೊಕ್ಕು ಎನ್ನುತ್ತಾರೆ.

ಸದ್ದಿಗೆ ಸಂಬಂಧಿಸಿದಂತೆ ಬ್ಯಾಬೇಜನಿಗೆ ಸಿಕ್ಕಿದ್ದಕ್ಕಿಂತ ದೊಡ್ಡ ಕಾನೂನು ಭಾರತದಲ್ಲಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬಡಾವಣೆಗಳಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬಹರಿದಿನಕ್ಕೆಂದು ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದು. ನಿಯಮ ಗೊತ್ತಿದ್ದೂ ಪಕ್ಕದ ಬೀದಿಯ ಪೆಂಡಾಲಿಗೆ ಹೋಗಿ ‘ಸ್ವಲ್ಪ ಕಡಿಮೆ ಮಾಡಿ’ ಎನ್ನುವ ಧೈರ್ಯ ಯಾರಿಗಿದೆ ಎಂಬುದು ಬೇರೆ ಮಾತು. ಸಾಮಾನ್ಯರಿಗೆ ಎಟಕುವುದು ಡಾರ್ವಿನ್ನನ ಗಡಿಯಾರ ಮತ್ತು ಪ್ರೂಸ್ತ್‌ನ ಪತ್ರ ಎರಡೇ. ಎಲ್ಲರೂ ಏಳುವ ಮುಂಚಿನ ಒಂದು ಗಂಟೆ, ಕಚೇರಿಯಿಂದ ಬಂದೊಡನೆ ಯಾರೂ ಮಾತಾಡಿಸದ ಹತ್ತು ನಿಮಿಷ, ಮದುವೆಗೆ ಹೋದರೆ ಧಾರೆಯ ಹೊತ್ತಿಗೆ ಹೋಗಿ ಊಟ ಮಾಡಿ ಬರುವುದು, ಮನೆಯವರಿಗೆ ‘ಸಿಟ್ಟಲ್ಲ, ಸುಸ್ತು’ ಎಂದು ಮೊದಲೇ ಹೇಳಿಡುವುದು. ದೊಡ್ಡದೇನೂ ಅಲ್ಲ. ಆದರೆ ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಯಲ್ಲಿ ಇಷ್ಟೂ ಸಿಗುವುದಿಲ್ಲ ಎಂಬುದನ್ನು ಇಂಥ ಸಲಹೆ ಬರೆಯುವವರು ಮರೆಯಬಾರದು.

ಜೇನ್ ಬರೆದ ಪತ್ರಗಳು

ಡಾರ್ವಿನ್ನನ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವಳು ಎಮ್ಮಾ. ಹತ್ತು ಮಕ್ಕಳನ್ನು ಹೆತ್ತು, ಮೂವರನ್ನು ಎಳವೆಯಲ್ಲೇ ಕಳೆದುಕೊಂಡು, ಉಳಿದವರನ್ನು ಬೆಳೆಸುತ್ತಾ, ಅತಿಥಿಗಳನ್ನು ಸಂಭಾಳಿಸುತ್ತಾ ಗಂಡನಿಗೆ ಕಾದಂಬರಿ ಓದಿ ಹೇಳಿದವಳು. ಪ್ರೂಸ್ತ್‌ನ ಕೊನೆಯ ವರ್ಷಗಳಲ್ಲಿ ಸೆಲೆಸ್ತ್ ಅಲ್ಬಾರೆ ಎಂಬ ಮನೆಗೆಲಸದ ಹೆಣ್ಣುಮಗಳು ಹಗಲು ರಾತ್ರಿಗಳನ್ನು ತಲೆಕೆಳಗು ಮಾಡಿಕೊಂಡು, ಗಂಟೆ ಬಾರಿಸುವವರೆಗೆ ಸದ್ದಿಲ್ಲದೆ ಕಾಯುತ್ತಿದ್ದಳು. ಇಳಿವಯಸ್ಸಿನಲ್ಲಿ ಆಕೆ ಹೇಳಿದ ನೆನಪುಗಳು 1973ರಲ್ಲಿ ಪುಸ್ತಕವಾದವು. ಅದರಲ್ಲಿ ಕಹಿಯಿಲ್ಲ, ಅಭಿಮಾನವೇ ಇದೆ.

ಕಾರ್ಲೈಲನ ಹೆಂಡತಿ ಜೇನ್‌ಳ ಕಥೆ ಅಷ್ಟು ಸರಳವಲ್ಲ. ಏಕೆಂದರೆ ಆಕೆಯೂ ಗಂಡನಷ್ಟೇ ಸೂಕ್ಷ್ಮ. ನಿದ್ದೆ ಬಾರದ, ತಲೆನೋವಿನ, ಸದ್ದಿಗೆ ಬೆಚ್ಚುವ ಹೆಂಗಸು. ಜೊತೆಗೆ ಇಂಗ್ಲಿಷಿನಲ್ಲಿ ಅತ್ಯುತ್ತಮ ಪತ್ರ ಬರೆದವರಲ್ಲಿ ಒಬ್ಬಳು. 1852ರಲ್ಲಿ ಮನೆಯ ದೊಡ್ಡ ದುರಸ್ತಿ ನಡೆದಾಗ ಗಂಡ ಜರ್ಮನಿಗೆ ಹೋದ, ಜೇನ್ ಕೆಲಸಗಾರರ ನಡುವೆ ಉಳಿದಳು. ಮರುವರ್ಷ ನಿಶ್ಶಬ್ದದ ಕೋಣೆ ಕಟ್ಟುವಾಗ ಒಬ್ಬ ಕೆಲಸಗಾರ ಮೇಲಿನಿಂದ ಸೂರಿನ ಗಾರೆ ಒಡೆದುಕೊಂಡು ಆಕೆಯ ಹತ್ತಿರಕ್ಕೇ ಬಿದ್ದ. ಕೋಳಿ ಸಾಕಿದ ನೆರೆಯವರ ಮನೆಗೆ ಹೋಗಿ ಸಂಧಾನ ಮಾಡಿದವಳೂ ಅವಳೇ. ಇದನ್ನೆಲ್ಲ ಆಕೆ ಗೆಳತಿಯರಿಗೆ, ಬಂಧುಗಳಿಗೆ ನಗೆ ಉಕ್ಕುವಂತೆ ಬರೆದಳು. ಓದುವವರು ನಗುತ್ತಾರೆ, ಎರಡನೆಯ ಸಲ ಓದಿದರೆ ನಗು ನಿಲ್ಲುತ್ತದೆ. ಇಡೀ ಮನೆಯಲ್ಲಿ ಜೋಡಿ ಗೋಡೆಯ ಕೋಣೆ ಒಂದೇ, ಅದು ಗಂಡನದು.

1866ರ ಏಪ್ರಿಲ್ 21ರಂದು ಜೇನ್ ಹಠಾತ್ತನೆ ತೀರಿಕೊಂಡಳು. ಕಾರ್ಲೈಲ್ ಆಗ ಸ್ಕಾಟ್ಲೆಂಡಿನಲ್ಲಿದ್ದ. ಆಮೇಲೆ ಆಕೆಯ ಪತ್ರಗಳನ್ನೂ ದಿನಚರಿಯನ್ನೂ ಕೂತು ಓದಿದ. ಪಕ್ಕದ ಕೋಣೆಯಲ್ಲೇ ಇಷ್ಟು ವರ್ಷ ಏನು ನಡೆದಿತ್ತು ಎಂಬುದು ನೆರೆಮನೆಯ ಹುಂಜ ಕೇಳುತ್ತಿದ್ದ ಆ ಕಿವಿಗೆ ಕೇಳಿರಲಿಲ್ಲ. ಪಶ್ಚಾತ್ತಾಪದಿಂದ ಆಕೆಯ ಪತ್ರಗಳಿಗೆ ಟಿಪ್ಪಣಿ ಬರೆದು ಪ್ರಕಟಣೆಗೆ ಸಿದ್ಧ ಮಾಡಿದ. ಆತ ಸತ್ತ ಮೇಲೆ, 1883ರಲ್ಲಿ ಅವು ಅಚ್ಚಾದವು.

ಆ ಮನೆ 1895ರಿಂದ ಸ್ಮಾರಕವಾಗಿದೆ; 1936ರಿಂದ ನ್ಯಾಷನಲ್ ಟ್ರಸ್ಟಿನ ವಶದಲ್ಲಿದೆ. ಬಹುಕಾಲ ಅದರ ಕೆಲಸದ ಹುಡುಗಿಯರು ನೆಲಮಾಳಿಗೆಯ ಅಡುಗೆಮನೆಯಲ್ಲೇ ಮಲಗುತ್ತಿದ್ದರು. ಕಾರ್ಲೈಲ್ ರಾತ್ರಿ ಒಲೆಯ ಮುಂದೆ ಕುಳಿತು, ಕೆಲವೊಮ್ಮೆ ಟೆನ್ನಿಸನ್ನನಂಥ ಗೆಳೆಯರೊಂದಿಗೆ, ಚಿಲುಮೆ ಸೇದುವ ಅಭ್ಯಾಸವಿಟ್ಟುಕೊಂಡಿದ್ದ. ಆತ ಎದ್ದು ಮೇಲೆ ಹೋಗುವವರೆಗೆ ಹುಡುಗಿ ಹಿಂದಿನ ಪಾತ್ರೆ ತೊಳೆಯುವ ಜಾಗದಲ್ಲಿ ನಿದ್ದೆಗಣ್ಣಿನಲ್ಲಿ ಕಾಯಬೇಕಿತ್ತು. ಫ್ರೆಡರಿಕ್‌ನ ಚರಿತ್ರೆ 1865ರಲ್ಲಿ ಮುಗಿದ ಮೇಲೆ ಕಾರ್ಲೈಲ್ ಬರೆಯುವ ಮೇಜನ್ನು ಕೆಳಗಿಳಿಸಿಕೊಂಡ. ಜೋಡಿ ಗೋಡೆಯ ಕೋಣೆ ಆಮೇಲೆ ಕೆಲಸದಾಕೆಯ ಮಲಗುವ ಕೋಣೆಯಾಯಿತು.